ಕವಳವಿಲ್ಲದ ಕೆನ್ನೆ

ಕಳೆದ ತಿಂಗಳು ಸಾಗರದಲ್ಲಿ ನೆಂಟರ ಮದುವೆ. ಕಲ್ಯಾಣ ಮಂಟಪದಲ್ಲಿ ಊಟದ ಹಾಲಿನ ಬಾಗಿಲ ಪಕ್ಕ ಒಬ್ಬ ಹುಡುಗ ಕುಳಿತು ಬಂದವರ ಕ್ಯಾರಿಕೇಚರ್ ಬರೆದುಕೊಡುತ್ತಿದ್ದ. ಒಬ್ಬರಿಗೆ ಐದು ನಿಮಿಷ. ಮೊಮ್ಮಕ್ಕಳ ಒತ್ತಾಯಕ್ಕೆ ನನ್ನ ಭಾವನೂ ಕುಳಿತರು. ಹಾಳೆಯ ಮೇಲೆ ಮೂಡಿದ್ದು ಕುಂಬಳಕಾಯಿಯಂಥ ತಲೆ, ಗೇಣುದ್ದದ ಮೈ, ಕಿವಿ ಮುಟ್ಟುವ ನಗು. ಅವರಿಗಿಂತ ಮೊದಲು ಕುಳಿತಿದ್ದ ಮದುಮಗನ ಸೋದರಮಾವನಿಗೂ ಅದೇ ತಲೆ, ಅದೇ ನಗು ದಕ್ಕಿತ್ತು. ಅಕ್ಕ ಒಮ್ಮೆ ನೋಡಿ, "ಇದು ನಮ್ಮನೆಯವರಲ್ಲ ಮಾರಾಯ, ಬಾಯಲ್ಲಿ ಕವಳವೇ ಇಲ್ಲವಲ್ಲ!" ಎಂದಳು. ಎಲೆಯಡಿಕೆಯ ಕವಳದಿಂದ ಭಾವನ ಎಡಗೆನ್ನೆ ನಲವತ್ತು ವರ್ಷಗಳಿಂದ ಉಬ್ಬಿಕೊಂಡೇ ಇದೆ. ಮಾತನಾಡುವಾಗ ರಸ ಜಾರದಿರಲೆಂದು ಅವರು ಗದ್ದವನ್ನು ತುಸು ಮೇಲೆತ್ತುತ್ತಾರೆ. ಹೊಸಬರಿಗೆ ಅದು ಗತ್ತಿನಂತೆ ಕಾಣುತ್ತದೆ. ಹುಡುಗನ ಕಣ್ಣಿಗೆ ಇವೆರಡೂ ಬಿದ್ದಿರಲಿಲ್ಲ.

ಅಕ್ಕ ಚಿತ್ರಕಲೆ ಕಲಿತವಳಲ್ಲ. ಆದರೆ ಈ ಕಲೆಯ ಬುಡದಲ್ಲಿರುವ ಮಾತು ಅವಳದೇ. ಇಟಲಿಯ ಬೊಲೊನ್ಯಾದ ಅನ್ನಿಬಾಲೆ ಕರಾಚ್ಚಿ ಮತ್ತು ಅವನ ಸಂಗಡಿಗರು 1590ರ ಸುಮಾರಿಗೆ, ಚರ್ಚು ಅರಮನೆಗಳ ಗಂಭೀರ ಕೆಲಸದ ನಡುವಿನ ಬಿಡುವಿನಲ್ಲಿ, ಕಂಡವರ ಮುಖಗಳನ್ನು ಮೋಜಿಗಾಗಿ ಗೀಚುತ್ತಿದ್ದರು. ಈ ಬಗೆಯ ಚಿತ್ರಕ್ಕೆ ಬಂದ 'ಕ್ಯಾರಿಕೇಚರ್' ಎಂಬ ಹೆಸರಿನ ಮೂಲ 'ಕರಿಕಾರೆ' ಎಂಬ ಇಟಾಲಿಯನ್ ಕ್ರಿಯಾಪದ, ಅರ್ಥ, 'ಹೇರು'. ಅಡಿಕೆ ಮೂಟೆಯನ್ನು ಲಾರಿಗೆ ಹೇರುತ್ತೇವಲ್ಲ, ಅದೇ ಹೇರು. ಕರಾಚ್ಚಿಯ ರೇಖಾಚಿತ್ರಗಳನ್ನು ಆಧರಿಸಿ 1646ರಲ್ಲಿ ಅಚ್ಚಾದ ಸಂಪುಟದ ಮುನ್ನುಡಿ ಇದನ್ನು ವಿವರಿಸುತ್ತದೆ: ಪ್ರಕೃತಿಯೇ ಒಬ್ಬನ ಮೂಗನ್ನೋ ಬಾಯಿಯನ್ನೋ ಅತಿ ಮಾಡಿ ತಮಾಷೆ ನೋಡುತ್ತದೆ, ಕಲಾವಿದ ಆ ತಮಾಷೆಯನ್ನು ಗುರುತಿಸಿ ಮುಂದುವರಿಸುತ್ತಾನೆ. ಅಂದರೆ ಹೊರೆ ಇರುವ ಕಡೆಗೇ ಹೇರಬೇಕು. ಎಲ್ಲರ ತಲೆಯನ್ನೂ ಒಂದೇ ಅಳತೆಗೆ ಊದಿಸುವುದು ಬರೀ ಗಾಳಿ ತುಂಬುವ ಕೆಲಸ.

ಆದರೆ ಇದು ಇನ್ನೂ ವಿಡಂಬನೆಯಾಗಿರಲಿಲ್ಲ. ರೋಮಿನ ಸೇಂಟ್ ಪೀಟರ್ಸ್ ಚೌಕವನ್ನು ಕಟ್ಟಿದ ಬೆರ್ನಿನಿ, ಪೋಪ್ ಹನ್ನೊಂದನೆಯ ಇನೊಸೆಂಟರನ್ನು ಹಾಸಿಗೆಯಲ್ಲಿ ಒರಗಿದ ಬಡಕಲು ಕೀಟದಂತೆ ಕೆಲವೇ ಗೆರೆಗಳಲ್ಲಿ ಬರೆದಿದ್ದಾನೆ; ಅದು ಆಪ್ತರ ನಡುವೆ ಕೈಯಿಂದ ಕೈಗೆ ದಾಟುವ ಹಾಳೆಯಾಗಿತ್ತು, ಅಷ್ಟೆ. ನಮ್ಮ ಕಡೆಯ ಅಡ್ಡಹೆಸರುಗಳನ್ನು ಬಲ್ಲವರಿಗೆ ಇದರ ಸ್ವಭಾವ ಗೊತ್ತು. ಒಂದೇ ಕೇರಿಯಲ್ಲಿ ನಾಲ್ವರು ಗಣಪತಿಗಳಿದ್ದರೆ ಎಲ್ಲದಕ್ಕೂ ಹೂಂಗುಟ್ಟುವವನು 'ಹೂಂ ಗಣಪತಿ' ಆಗುತ್ತಾನೆ, ಮತ್ತು ಆ ಹೆಸರನ್ನು ಅವನ ಜಗಲಿಯಲ್ಲಿ ಕುಳಿತು ಯಾರೂ ಆಡುವುದಿಲ್ಲ. ಕ್ಯಾರಿಕೇಚರ್ ಎಂದರೆ ಗೆರೆಯಲ್ಲಿ ಇಟ್ಟ ಅಡ್ಡಹೆಸರು ಎಂದೇ ನನ್ನ ತಿಳಿವಳಿಕೆ. ಅದನ್ನು ಸಂತೆಗೆ ಒಯ್ದದ್ದು ಅಚ್ಚಿನ ಯಂತ್ರ.

ಲಂಡನ್ನಿನಲ್ಲಿ ಜೇಮ್ಸ್ ಗಿಲ್ರೇ ತಾಮ್ರದ ತಗಡಿನ ಮೇಲೆ ಕೊರೆದ ಚಿತ್ರಗಳು ಹ್ಯಾನಾ ಹಂಫ್ರಿ ಎಂಬಾಕೆಯ ಅಂಗಡಿಯ ಕಿಟಕಿಯಲ್ಲಿ ತೂಗುತ್ತಿದ್ದವು. ಕೊಳ್ಳಲು ಕಾಸಿಲ್ಲದವರೂ ಬೀದಿಯಲ್ಲಿ ನಿಂತು ನೋಡಬಹುದಿತ್ತು. 1805ರ ಅವನ ಪ್ರಸಿದ್ಧ ಚಿತ್ರದಲ್ಲಿ ಇಂಗ್ಲೆಂಡಿನ ಪ್ರಧಾನಿ ಪಿಟ್ ಮತ್ತು ನೆಪೋಲಿಯನ್ ಊಟದ ಮೇಜಿಗೆ ಕುಳಿತು ಭೂಗೋಳವನ್ನು ಕಡುಬಿನಂತೆ ಕೊಯ್ದುಕೊಳ್ಳುತ್ತಿದ್ದಾರೆ. ಗಿಲ್ರೇ ಮತ್ತೆ ಮತ್ತೆ ಬರೆದ ನೆಪೋಲಿಯನ್ ದೊಡ್ಡ ಟೋಪಿಯೊಳಗೆ ಮುಳುಗಿದ ಕುಳ್ಳ. ವಾಸ್ತವದಲ್ಲಿ ಅವನು ತನ್ನ ಕಾಲದ ಸಾಮಾನ್ಯ ಫ್ರೆಂಚ್ ಗಂಡಸಿಗಿಂತ ಗಿಡ್ಡನೇನಲ್ಲ. ಆದರೂ ಇಂದಿಗೂ ಶಾಲೆಯ ಮಕ್ಕಳು 'ಕುಳ್ಳ ನೆಪೋಲಿಯನ್' ಎನ್ನುತ್ತಾರೆ. ಅಡ್ಡಹೆಸರು ನಿಜವಾಗಿರಬೇಕಿಲ್ಲ, ಅಂಟಿದರೆ ಸಾಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ಗಿಲ್ರೇಯನ್ನು ಎಷ್ಟು ಮೆಚ್ಚಿದರೂ ನನಗೆ ಇದು ಸ್ವಲ್ಪ ಮುಜುಗರದ ಸಂಗತಿಯೇ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಪ್ಯಾರಿಸ್ಸಿನ ಹಣ್ಣಿನ ಕಥೆ. ಪೇರಲೆಯಲ್ಲ, ಮಾರುಕಟ್ಟೆಯಲ್ಲಿ ಮರಸೇಬು ಎನ್ನುತ್ತೇವಲ್ಲ, ಆ ಪೇರ್ ಹಣ್ಣು. 1830ರ ಕ್ರಾಂತಿಯ ಬೆನ್ನಿಗೇ ಶಾರ್ಲ್ ಫಿಲಿಪೋನ್ 'ಲಾ ಕ್ಯಾರಿಕೇಚರ್' ಎಂಬ ವಾರಪತ್ರಿಕೆಯನ್ನು ಆರಂಭಿಸಿದ. ಪಟ್ಟಕ್ಕೆ ಬಂದ ದೊರೆ ಲೂಯಿ ಫಿಲಿಪ್ಪನನ್ನು ಗಾರೆ ಕೆಲಸದವನಂತೆ ತೋರಿಸಿದ್ದಕ್ಕಾಗಿ 1831ರ ನವೆಂಬರಿನಲ್ಲಿ ಫಿಲಿಪೋನನನ್ನು ನ್ಯಾಯಾಲಯದಲ್ಲಿ ನಿಲ್ಲಿಸಲಾಯಿತು. ಹೋಲಿಕೆಯೇ ಅಪರಾಧವಾದರೆ ಯಾವ ಗೆರೆಯೂ ಉಳಿಯದು ಎಂದು ವಾದಿಸಿದ ಅವನು ನಾಲ್ಕು ಚಿತ್ರಗಳನ್ನು ಬರೆದು ತೋರಿಸಿದ. ಮೊದಲನೆಯದು ದೊರೆಯ ಮುಖ, ಗಲ್ಲ ದಪ್ಪ, ನೆತ್ತಿ ಕಿರಿದು. ಎರಡನೆಯದರಲ್ಲಿ ಗಲ್ಲಗಳು ಇನ್ನಷ್ಟು ಜೋತಿವೆ, ಮೂರನೆಯದರಲ್ಲಿ ಕಣ್ಣು ಮೂಗುಗಳು ಹಣ್ಣಿನೊಳಗಿನ ಸುಕ್ಕುಗಳಾಗಿವೆ, ನಾಲ್ಕನೆಯದು ಬರೀ ಪೇರ್ ಹಣ್ಣು. ಮೊದಲನೆಯದು ಅಪರಾಧವಾದರೆ ಎರಡನೆಯದೂ ಅಪರಾಧ, ಹಾಗೇ ಕೊನೆಯದೂ. ಹಣ್ಣಿಗೆ ಶಿಕ್ಷೆ ಕೊಡುತ್ತೀರಾ? ಶಿಕ್ಷೆ ಫಿಲಿಪೋನನಿಗೇ ಆಯಿತು. ಆದರೆ ಪ್ಯಾರಿಸ್ಸಿನ ಗೋಡೆಗಳ ಮೇಲೆ ಹುಡುಗರು ಇದ್ದಿಲಿನಲ್ಲಿ ಪೇರ್ ಹಣ್ಣು ಬರೆಯತೊಡಗಿದರು, ಅದಕ್ಕೆ ಕಣ್ಣು ಮೂಗಿನ ಅಗತ್ಯವೂ ಇರಲಿಲ್ಲ. ನಮ್ಮ ಅಲಂಕಾರಶಾಸ್ತ್ರದಲ್ಲಿ 'ವ್ಯಂಗ್ಯ' ಎಂದರೆ ಹೇಳದೆ ಹೊಳೆಯುವ ಅರ್ಥ. ವ್ಯಂಗ್ಯಚಿತ್ರ ಎಂಬ ನಮ್ಮ ಪದ ಆ ಹಣ್ಣಿಗೆ ಒಪ್ಪಿದಷ್ಟು ಇನ್ನಾವುದಕ್ಕೂ ಒಪ್ಪಲಾರದು.

ಅದೇ ಪತ್ರಿಕೆಯ ಬಳಗದ ಒನೊರೆ ಡೌಮಿಯೆ, ಬಡವರು ಬುಟ್ಟಿಗಳಲ್ಲಿ ಹೊತ್ತು ತಂದ ಹಣವನ್ನು ಹಲಗೆಯ ಮೇಲಿಂದ ಬಾಯಿಗೆ ಸುರಿಸಿಕೊಂಡು, ಅದನ್ನು ಬಿರುದು ಬಾವಲಿಗಳಾಗಿ ವಿಸರ್ಜಿಸುವ ಭಾರಿ ಹೊಟ್ಟೆಯ ದೊರೆಯನ್ನು ಬರೆದು, 1832ರಲ್ಲಿ ಆರು ತಿಂಗಳ ಸಜೆ ಪಡೆದ. ಕಲ್ಲಿನ ಮೇಲೆ ಬರೆದು ಅಚ್ಚೊತ್ತುವ ಕಲ್ಲಚ್ಚು ಬಂದಿದ್ದರಿಂದ ಕೊರೆಯುವ ಶ್ರಮ ತಪ್ಪಿತ್ತು. ಬಳಪದಲ್ಲಿ ಬರೆದದ್ದು ಬೇಗನೆ ಅಚ್ಚಾಗಿ ಹರಡುತ್ತಿತ್ತು. ಸರ್ಕಾರ 1835ರಲ್ಲಿ ತಂದ ಕಾನೂನು ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ: ಲೇಖನ ಅಚ್ಚುಹಾಕಲು ಮುಂಚಿತ ಅನುಮತಿ ಬೇಕಿಲ್ಲ, ಚಿತ್ರಕ್ಕೆ ಬೇಕು. ಓದು ಬಾರದವನೂ ನಗಬಲ್ಲ ಎಂಬುದೇ ಅವರ ಭಯ. 'ಲಾ ಕ್ಯಾರಿಕೇಚರ್' ಆ ವರ್ಷವೇ ನಿಂತಿತು.

ಇದೆಲ್ಲ ಬಲ್ಲಿದರ ವಿರುದ್ಧದ ಹೋರಾಟ ಎಂದು ಹಾಡಿ ಹೊಗಳುವ ಮುನ್ನ ಅಮೆರಿಕದ ಥಾಮಸ್ ನಾಸ್ಟನನ್ನು ನೆನೆಯಬೇಕು. ನ್ಯೂಯಾರ್ಕಿನ ಭ್ರಷ್ಟ ಪುಢಾರಿ ಟ್ವೀಡನ ತಲೆಯ ಜಾಗದಲ್ಲಿ ಹಣದ ಚೀಲ ಬರೆದವನು ಅವನೇ, ಅಲ್ಲಿನ ಐರಿಶ್ ವಲಸಿಗರನ್ನು ಮಂಗಗಳಂತೆ ಬರೆದವನೂ ಅವನೇ. ಟ್ವೀಡನ ಚಿತ್ರದಲ್ಲಿ ಒಬ್ಬ ಮನುಷ್ಯನನ್ನು ನೋಡಿದ ಕಣ್ಣಿದೆ. ಇನ್ನೊಂದರಲ್ಲಿ ನೋಡುವ ಗೋಜಿಗೇ ಹೋಗದ ಸೋಮಾರಿತನವಿದೆ. 'ಹೂಂ ಗಣಪತಿ'ಗೂ 'ಕುಂಟ ಗಣಪತಿ'ಗೂ ಇರುವ ಅಂತರವೇ ಇದು, ಮತ್ತು ನಮ್ಮೂರಿನಲ್ಲಿ ಎರಡನೆಯ ಬಗೆಯವೇ ಹೆಚ್ಚು.

ಕನ್ನಡದಲ್ಲಿ ಹಾಸ್ಯಲೇಖಕ ರಾಶಿಯವರು 1942ರಲ್ಲಿ ಹುಟ್ಟುಹಾಕಿದ 'ಕೊರವಂಜಿ' ಹಾಸ್ಯಪತ್ರಿಕೆಯ ಪುಟಗಳಲ್ಲಿ ಆರ್. ಕೆ. ಲಕ್ಷ್ಮಣ್ ಎಂಬ ಮೈಸೂರಿನ ಹುಡುಗನ ಗೆರೆಗಳು ಕಾಣಿಸಿಕೊಂಡವು. ತನ್ನನ್ನೂ ಬಿಡಬೇಡ ಎಂದು ನೆಹರೂ ವ್ಯಂಗ್ಯಚಿತ್ರಕಾರ ಶಂಕರ್ ಅವರಿಗೆ ಹೇಳಿದ್ದನ್ನು ನಾವು ಹೆಮ್ಮೆಯಿಂದ ಉದ್ಧರಿಸುತ್ತೇವೆ. ದೊಡ್ಡ ಮನಸ್ಸು, ನಿಜ. ಆದರೆ ದೊರೆಯೇ ಕೇಳಿ ಬರೆಸಿಕೊಂಡ ಅಡ್ಡಹೆಸರಿನ ಮೊನೆ ಎಷ್ಟಿದ್ದೀತು? ನನಗೆ ಮುಖ್ಯವೆನಿಸುವುದು 1975ರ ಡಿಸೆಂಬರಿನಲ್ಲಿ, ತುರ್ತು ಪರಿಸ್ಥಿತಿಯ ನಡುವೆಯೇ, ಸ್ನಾನದ ತೊಟ್ಟಿಯಲ್ಲಿ ಕುಳಿತು ಸುಗ್ರೀವಾಜ್ಞೆಗೆ ಸಹಿ ಹಾಕುವ ರಾಷ್ಟ್ರಪತಿಯನ್ನು ಬರೆದ ಅಬು ಅಬ್ರಹಾಂ ಅವರ ಚಿತ್ರ. ಅದೂ ಒಂದು 'ಹೂಂ ಗಣಪತಿ'ಯೇ.

ಮೊನ್ನೆ ಅಕ್ಕನ ಮನೆಗೆ ಹೋದಾಗ ಮದುವೆಮನೆಯ ಆ ಹಾಳೆ ಅಡುಗೆಮನೆಯ ಬಾಗಿಲಲ್ಲಿ ಪಂಚಾಂಗದ ಕ್ಯಾಲೆಂಡರಿನ ಕೆಳಗೆ ಸಿಕ್ಕಿಸಿತ್ತು. ಹಾಲಿನ ಲೆಕ್ಕ ಬರೆಯುವ ನೀಲಿ ಪೆನ್ನಿನಲ್ಲಿ ಅವಳು ಎಡಗೆನ್ನೆಯ ಮೇಲೆ ಒಂದು ಅರೆಚಂದ್ರ ಗೀಚಿ, ಗದ್ದದ ಕೆಳಗೆ ಇನ್ನೊಂದು ಗೆರೆ ಎಳೆದಿದ್ದಳು. ಭಾವ ಅದರ ಮುಂದೆ ನಿಂತು ಏನೋ ಹೇಳಹೊರಟರು, ಬಾಯಲ್ಲಿ ಕವಳವಿದ್ದುದರಿಂದ ಗದ್ದ ಮೇಲೆತ್ತಿದರು.