ಆ ನಕ್ಷತ್ರಗಳಿಗೂ ಒಂದು ಊರಿದೆ

ನಮ್ಮ ಶಾಲೆಯ ವಾಚನಾಲಯಕ್ಕೆ ಈ ವಾರ ಬಂದ ಹೊಸ ಪುಸ್ತಕಗಳಲ್ಲಿ ಒಂದನ್ನು ಓದಿದ ಮೇಲೆ ನನಗೆ ಸಮಾಧಾನವೇ ಇಲ್ಲ. ಆಕಾಶಕ್ಕೆ ನಕ್ಷತ್ರಗಳು ಹೇಗೆ ಬಂದವು ಎಂದು ಹೇಳುವ, ಪುಟ ತುಂಬ ಬಣ್ಣದ ಚಿತ್ರಗಳಿರುವ ಮಕ್ಕಳ ಕಥೆ ಅದು. ಅಕ್ಷರಗಳು ದೊಡ್ಡದಾಗಿವೆ, ಕನ್ನಡವೂ ಸರಾಗವಾಗಿದೆ. ಆದರೆ ಕಥೆ ಶುರುವಾಗುವುದೇ ‘ಬಹಳ ಹಿಂದೆ, ದೂರದ ಒಂದು ದೇಶದಲ್ಲಿ’ ಎಂದು. ಕೊನೆಯ ಪುಟ ಮುಗಿಸಿದರೂ ಆ ದೇಶ ಯಾವುದು, ಈ ಕಥೆಯನ್ನು ತಲೆಮಾರುಗಳಿಂದ ಹೇಳಿಕೊಂಡು ಬಂದ ಜನ ಯಾರು ಎಂಬುದು ತಿಳಿಯುವುದಿಲ್ಲ. ಪುಸ್ತಕದ ವಿವರಗಳಿರುವ ಪುಟದಲ್ಲಿ ಮುದ್ರಕರ ಹೆಸರಿದೆ, ಬಳಸಿದ ಕಾಗದದ ತೂಕವೂ ಇದೆ. ಕಥೆ ಯಾರದೋ ಅವರ ಹೆಸರು ಮಾತ್ರ ಇಲ್ಲ.

ಅವರು ಯಾರೆಂದು ನಾನು ಹೇಳುತ್ತೇನೆ. ಅಮೆರಿಕದ ಅರಿಜೋನಾ, ನ್ಯೂ ಮೆಕ್ಸಿಕೋ ಮತ್ತು ಯೂಟಾ ರಾಜ್ಯಗಳಿಗೆ ಹಬ್ಬಿರುವ, ನಮ್ಮ ಕರ್ನಾಟಕದ ಮೂರನೆಯ ಒಂದು ಭಾಗಕ್ಕಿಂತ ದೊಡ್ಡದಾದ ನೆಲದಲ್ಲಿ ಬಾಳುತ್ತಿರುವ ನವಾಹೋ ಜನರು. ತಮ್ಮನ್ನು ತಾವು ಅವರು ಕರೆದುಕೊಳ್ಳುವುದು ದಿನೆ ಎಂದು. ಅವರಲ್ಲಿ ಪ್ರಚಲಿತವಾಗಿರುವ ಒಂದು ಕಥನದ ಪ್ರಕಾರ, ಬೆಂಕಿಯ ಒಡೆಯನಾದ ಕಪ್ಪು ದೇವರು ಜಿಂಕೆಮರಿಯ ಚರ್ಮದ ಚೀಲದಿಂದ ಹೊಳೆಯುವ ಹರಳುಗಳನ್ನು ಒಂದೊಂದಾಗಿ ತೆಗೆದು, ಯೋಚಿಸಿ ಯೋಚಿಸಿ ಆಕಾಶದಲ್ಲಿ ಇಡುತ್ತಿರುತ್ತಾನೆ. ಅಷ್ಟರಲ್ಲಿ ಕಯೋಟಿ ಬರುತ್ತದೆ. ತೋಳದ ಬಳಗಕ್ಕೆ ಸೇರಿದ, ಆ ಜನರ ಕಥೆಗಳಲ್ಲೆಲ್ಲ ತಲೆ ಹಾಕುವ ಪ್ರಾಣಿ ಅದು. ಇಷ್ಟು ನಿಧಾನವೇಕೆ ಎಂದು ಚೀಲವನ್ನು ಕಿತ್ತುಕೊಂಡು ಉಳಿದ ಹರಳುಗಳನ್ನೆಲ್ಲ ಒಮ್ಮೆಗೇ ಎರಚಿಬಿಡುತ್ತದೆ. ಕ್ರಮವಾಗಿ ಇಟ್ಟ ನಕ್ಷತ್ರಪುಂಜಗಳಿಗೆ ಹೆಸರು ಇರುವುದೂ ಎರಚಲ್ಪಟ್ಟ ಅಸಂಖ್ಯ ನಕ್ಷತ್ರಗಳಿಗೆ ಹೆಸರಿಲ್ಲದಿರುವುದೂ ಆ ಕಾರಣಕ್ಕೆ.

ಈ ಕಥೆಯಲ್ಲಿ ಚಿತ್ರಕಾರರು ಹುಡುಕಿಕೊಂಡು ಹೋಗಬೇಕಾದ ಒಂದು ಪ್ರಸಂಗವಿದೆ. ಕಪ್ಪು ದೇವರು ಬರುವಾಗ ಅವನ ಕಾಲಿನ ಗಂಟಿನ ಬಳಿ ಒಂದು ನಕ್ಷತ್ರಗುಚ್ಛ ಅಂಟಿಕೊಂಡಿರುತ್ತದೆ. ಅವನು ನೆಲಕ್ಕೆ ಕಾಲು ಬಡಿಯುತ್ತಾನೆ, ಗುಚ್ಛ ಮೊಣಕಾಲಿಗೆ ಹಾರುತ್ತದೆ. ಮತ್ತೆ ಬಡಿದರೆ ಸೊಂಟಕ್ಕೆ, ಇನ್ನೊಮ್ಮೆ ಬಡಿದರೆ ಭುಜಕ್ಕೆ, ಕೊನೆಗೆ ಹಣೆಯ ಬದಿಗೆ ಬಂದು ನಿಲ್ಲುತ್ತದೆ. ಅದೇ ನಮ್ಮ ಕೃತ್ತಿಕೆ. ಕಾಲು ಬಡಿದು ಓದಿ ಹೇಳಿದರೆ ಒಂದನೆಯ ತರಗತಿಯ ಮಕ್ಕಳು ಎದ್ದು ನಿಂತು ತಾವೂ ಬಡಿಯುತ್ತಾರೆ. ಪುಸ್ತಕದಲ್ಲಿ ಇದು ಇಲ್ಲ. ಕಪ್ಪು ದೇವರಿಗೆ ಬದಲಾಗಿ ‘ಒಬ್ಬ ಅಜ್ಜ’ ಇದ್ದಾನೆ. ಅವನ ತಲೆಯ ಮೇಲೆ ಹದ್ದಿನ ಗರಿಗಳ ದೊಡ್ಡ ಕಿರೀಟ, ಹಿಂದೆ ಚೂಪು ತುದಿಯ ಚರ್ಮದ ಗುಡಾರಗಳು. ಅವು ಅಲ್ಲಿಂದ ಎಷ್ಟೋ ದೂರದ ಬಯಲುನಾಡಿನ ಬೇರೆ ಜನರವು. ದಿನೆ ಜನರ ಸಾಂಪ್ರದಾಯಿಕ ಮನೆಯ ಹೆಸರು ಹೋಗನ್: ಮರದ ದಿಮ್ಮಿ ಮತ್ತು ಮಣ್ಣಿನದು, ಬಾಗಿಲು ಪೂರ್ವಕ್ಕೆ, ಬೆಂಕಿ ನಡುವೆ.

ಮನೆಯ ಚಿತ್ರ ಹೇಗಿದ್ದರೇನು ಎನ್ನುವವರಿಗೆ ಉತ್ತರ ಆಕಾಶದಲ್ಲೇ ಇದೆ. ಅವರ ಆಕಾಶದಲ್ಲಿ ಧ್ರುವ ನಕ್ಷತ್ರವೇ ಒಲೆಯ ಬೆಂಕಿ. ನಾವು ಸಪ್ತರ್ಷಿ ಎನ್ನುವ ಮಂಡಲ ಮನೆಯ ಗಂಡಸು, ಎದುರಿಗಿರುವ ಕ್ಯಾಸಿಯೋಪಿಯಾ ಹೆಂಗಸು. ಇಬ್ಬರೂ ಒಂದೇ ಬೆಂಕಿಯನ್ನು ಸುತ್ತುತ್ತಾ, ಅದನ್ನು ಬಿಟ್ಟು ಎಲ್ಲಿಯೂ ಹೋಗದೆ, ವರ್ಷವಿಡೀ ಸಂಸಾರ ಮಾಡುತ್ತಾರೆ. ಹೋಗನ್ ತೆಗೆದು ಗುಡಾರ ಬರೆದರೆ ಆ ಆಕಾಶದ ನಡುಮನೆಯೇ ಬಿದ್ದುಹೋಗುತ್ತದೆ.

ಇನ್ನೊಂದು ಮಾತು. ಕಯೋಟಿಯ ಕಥೆಗಳನ್ನು ದಿನೆ ಜನರು ಬೇಕೆಂದಾಗ ಹೇಳುವುದಿಲ್ಲ. ಹಾವು, ಕರಡಿಗಳು ಮಲಗಿರುವ ಚಳಿಗಾಲದಲ್ಲಿ ಮಾತ್ರ ಹೇಳುತ್ತಾರೆ. ವಸಂತದ ಮೊದಲ ಗುಡುಗು ಕೇಳಿದರೆ ಅಲ್ಲಿಗೆ ಮುಗಿಯಿತು. ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮುಂದಿನ ತಿರುಗಾಟದವರೆಗೆ ಕಾಯುವ ಕರಾವಳಿಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಪುಸ್ತಕದ ಹಿಂಬದಿಯಲ್ಲಿ ಮಾತ್ರ ‘ಬೇಸಿಗೆ ರಜೆಯ ಓದಿಗೆ’ ಎಂದು ಅಚ್ಚಾಗಿದೆ. ಯಾರ ಕಥೆ ಎಂದು ಒಮ್ಮೆ ವಿಚಾರಿಸಿದ್ದರೆ ಯಾವಾಗ ಹೇಳುವ ಕಥೆ ಎಂಬುದೂ ತಿಳಿಯುತ್ತಿತ್ತು.

‘ಮಕ್ಕಳಿಗೆ ಕಥೆ ಮುಖ್ಯ, ಊರು ಹೆಸರೆಲ್ಲ ಯಾಕೆ ಟೀಚರ್? ಜನಪದ ಕಥೆ ಎಲ್ಲರದೂ ಅಲ್ಲವಾ?’ ಎಂದು ನಮ್ಮಲ್ಲೇ ಒಬ್ಬರು ಕೇಳಿದರು. ಕಥೆಗಳು ಊರೂರು ತಿರುಗುತ್ತವೆ ಎಂಬುದು ನಿಜ, ತಿರುಗಬೇಕು ಕೂಡ. ಆದರೆ ಹೆಸರು ಕಳಚಿಕೊಂಡು ತಿರುಗಬೇಕೆಂದು ಎಲ್ಲಿದೆ? ಪಂಚತಂತ್ರ ಎಂಟನೆಯ ಶತಮಾನದಲ್ಲಿ ಅರಬ್ಬೀ ಭಾಷೆಗೆ ಹೋದಾಗ, ಪರ್ಷಿಯಾದ ವೈದ್ಯನೊಬ್ಬ ಅದನ್ನು ಭಾರತದಿಂದ ತಂದ ವೃತ್ತಾಂತವೂ ಅದರೊಂದಿಗೆ ಹೋಯಿತು. ನಮ್ಮ ದುರ್ಗಸಿಂಹ ಸುಮಾರು 1031ರಲ್ಲಿ ಕನ್ನಡದಲ್ಲಿ ಪಂಚತಂತ್ರ ಬರೆದಾಗ ತನಗೆ ಆಧಾರ ವಸುಭಾಗಭಟ್ಟನ ಕೃತಿ ಎಂದು ಹೇಳಿದ್ದಾನೆ. ತಾಳೆಗರಿಯ ಕಾಲದಲ್ಲಿ ಅವನಿಗೆ ಸಾಧ್ಯವಾದದ್ದು ಇವತ್ತಿನ ಪ್ರಕಾಶಕರಿಗೆ ಏಕೆ ಸಾಧ್ಯವಾಗಲಿಲ್ಲ? ಧ್ರುವನ ಕಥೆಯನ್ನು ಯಾರಾದರೂ ‘ದೂರದ ದೇಶದ ಒಬ್ಬ ಹುಡುಗ’ ಎಂದು ಅಚ್ಚು ಹಾಕಿದ್ದರೆ ನಾವು ಸುಮ್ಮನಿರುತ್ತಿದ್ದೆವೇ?

ಈ ಜನರ ವಿಷಯದಲ್ಲಂತೂ ಹೆಸರು ಬಿಡುವುದು ಸಣ್ಣ ಲೋಪವಲ್ಲ. 1864ರಲ್ಲಿ ಅಮೆರಿಕದ ಸೈನ್ಯ ಸಾವಿರಾರು ದಿನೆ ಜನರನ್ನು ಅವರ ನೆಲದಿಂದ ಎಬ್ಬಿಸಿ, ಬೋಸ್ಕೆ ರೆಡೊಂಡೊ ಎಂಬಲ್ಲಿಗೆ ನೂರಾರು ಕಿಲೋಮೀಟರ್ ನಡೆಸಿಕೊಂಡು ಹೋಯಿತು. ದಾರಿಯಲ್ಲೂ ಅಲ್ಲಿಯೂ ಬಹಳ ಮಂದಿ ಸತ್ತರು. 1868ರ ಒಪ್ಪಂದದ ಮೇಲೆ ಉಳಿದವರು ಮರಳಿದ್ದು ಅದೇ ನೆಲಕ್ಕೆ, ಅದೇ ಆಕಾಶದ ಕೆಳಕ್ಕೆ. ಆಮೇಲೆ ಅವರ ಮಕ್ಕಳನ್ನು ವಸತಿಶಾಲೆಗಳಿಗೆ ಸೇರಿಸಿ, ತಮ್ಮ ಮಾತನ್ನಾಡಿದ್ದಕ್ಕೆ ಶಿಕ್ಷಿಸಲಾಯಿತು. ಅಷ್ಟೆಲ್ಲ ದಾಟಿ ಉಳಿದು ಬಂದ ಕಥೆ ನಮ್ಮ ಮಕ್ಕಳ ಕೈಗೆ ಅನಾಥವಾಗಿ ಬಂದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಹೆಸರು ಹೇಳಿದ್ದರೆ ನಮ್ಮ ಮಕ್ಕಳಿಗೇ ಲಾಭವಿತ್ತು. ಕಥೆಯಲ್ಲಿ ಕಯೋಟಿ ಒಂದು ಹರಳನ್ನು ಮಾತ್ರ ಎರಚದೆ ತನ್ನ ನಕ್ಷತ್ರವೆಂದು ಇಡುತ್ತದೆ. ಆ ನಕ್ಷತ್ರವನ್ನು ಅಲ್ಲಿ ಹಲವರು ಗುರುತಿಸುವುದು ನಮ್ಮ ಅಗಸ್ತ್ಯ ನಕ್ಷತ್ರದೊಂದಿಗೆ. ಅವರ ನಾಡಿನಲ್ಲಿ ಅದು ಚಳಿಗಾಲದಲ್ಲಿ ದಕ್ಷಿಣ ದಿಗಂತದಿಂದ ಒಂದೆರಡು ಡಿಗ್ರಿಯಷ್ಟೇ ಮೇಲೆದ್ದು, ಸ್ವಲ್ಪ ಹೊತ್ತಿಗೇ ಮುಳುಗುತ್ತದೆ. ನಮ್ಮ ಕರಾವಳಿಯಲ್ಲಿ ಅದೇ ನಕ್ಷತ್ರ ಸುಮಾರು 24 ಡಿಗ್ರಿ ಎತ್ತರಕ್ಕೆ ಏರುವುದರಿಂದ, ಫೆಬ್ರವರಿಯ ರಾತ್ರಿ ಅಂಗಳದಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ಸಾಕು. ಆ ಮಕ್ಕಳು ಕಷ್ಟಪಟ್ಟು ಹುಡುಕುವ ಕಯೋಟಿಯ ನಕ್ಷತ್ರವನ್ನು ನಮ್ಮ ಮಕ್ಕಳು ಸಲೀಸಾಗಿ ನೋಡಬಹುದು ಎಂದು ಹೇಳುವ ಅವಕಾಶವನ್ನು ಈ ಪುಸ್ತಕ ಕೈಯಾರೆ ಕಳೆದುಕೊಂಡಿದೆ.

ಪ್ರಕಾಶಕರಿಗೆ ಪತ್ರ ಬರೆದಿದ್ದೇನೆ. ಮುಂದಿನ ಮುದ್ರಣದಲ್ಲಿ ದಿನೆ ಜನರ ಹೆಸರು ಮತ್ತು ನಾಡು, ಕಥೆ ಹೇಳುವ ಕಾಲ ಇವುಗಳನ್ನು ಸೇರಿಸಬೇಕು, ಗುಡಾರಗಳ ಚಿತ್ರಗಳನ್ನು ಬದಲಿಸಬೇಕು ಎಂದು ಕೇಳಿದ್ದೇನೆ. ನಿಮ್ಮ ಮನೆಗೂ ಈ ಪುಸ್ತಕ ಬಂದಿದ್ದರೆ ನೀವೂ ಒಂದು ಪತ್ರ ಹಾಕಿ. ನಮ್ಮ ಶಾಲೆಯಲ್ಲಿ ಇದನ್ನು ಡಿಸೆಂಬರಿನಲ್ಲಿ ಓದುತ್ತೇವೆ, ಕಾಲು ಬಡಿಯುವ ಪ್ರಸಂಗವನ್ನು ನಾನೇ ಸೇರಿಸಿ ಹೇಳುತ್ತೇನೆ.