ಮೆಟ್ಟಿಲು ಹತ್ತೋಕೆ ಆಗುತ್ತಾ?

ವಿಕಲಚೇತನ ಮಕ್ಕಳು ಎಂಬಿಬಿಎಸ್ ಸೇರೋಕೆ ಬರೆದುಕೊಡಬೇಕಾದ ಆ ಅಫಿಡವಿಟ್ ವಿಷಯ ನೀವೂ ಓದಿರುತ್ತೀರಿ. 2025ರ ಜುಲೈನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಮಧ್ಯಂತರ ಮಾರ್ಗಸೂಚಿಯ ಜೊತೆ ಬಂದಿದ್ದು. ತೊಂದರೆ ಇರುವ ಕಾಲಿನ ಮೇಲೆ ಭಾರ ಬಿಟ್ಟು ನಿಲ್ಲೋಕೆ ಆಗುತ್ತಾ? ಸ್ವಂತವಾಗಿ ಮೆಟ್ಟಿಲು ಹತ್ತಿ ಇಳಿಯೋಕೆ ಆಗುತ್ತಾ? ಇಂಥ ಪ್ರಶ್ನೆಗಳು. ನೀಟ್ ಬರೆದು, ಯುಡಿಐಡಿ ಅನ್ನುವ ವಿಕಲಚೇತನರ ಗುರುತಿನ ಕಾರ್ಡ್ ಮಾಡಿಸಿಕೊಂಡು, ಮೆಡಿಕಲ್ ಬೋರ್ಡ್ ಇರುವ ಊರಿಗೆ ಅಪ್ಪನ ಜೊತೆ ಬಸ್ಸು ಹತ್ತಿ ಬರುವ ಹುಡುಗಿ ಮೆಟ್ಟಿಲ ಬಗ್ಗೆಯೂ ಪ್ರಮಾಣ ಮಾಡಬೇಕು.

ನನಗೇನೋ ಈ ಪ್ರಶ್ನೆ ಬಹಳ ಹಿಡಿಸಿತು. ನಮ್ಮ ಆಸ್ಪತ್ರೆಗಳ ಲಿಫ್ಟ್ ಬಗ್ಗೆ ಇಷ್ಟು ನಿಖರ ಮಾಹಿತಿ ಇಟ್ಟುಕೊಂಡಿರುವ ಸಂಸ್ಥೆ ದೇಶದಲ್ಲಿ ಇನ್ನೊಂದಿರಲಿಕ್ಕಿಲ್ಲ. ಲಿಫ್ಟ್ ಕೆಟ್ಟಿರುತ್ತೆ, ಕೆಡದೇ ಇದ್ದರೆ ಆಪರೇಟರ್ ಟೀ ಕುಡಿಯೋಕೆ ಹೋಗಿರುತ್ತಾನೆ, ಅವನೂ ಇದ್ದರೆ ಒಳಗೆ ಯಾರೋ ದೊಡ್ಡ ಸಾಹೇಬರು ಹೊರಟಿರುತ್ತಾರೆ. ಇದೆಲ್ಲ ಗೊತ್ತಿರುವವರು ಮಾತ್ರ ಕೇಳಬಲ್ಲ ಪ್ರಶ್ನೆ ಅದು. ಆದರೆ ಇದನ್ನೇ ತಿರುಗಿಸಿ ಕಾಲೇಜಿನ ಡೀನ್ ಕೈಲಿ ಛಾಪಾ ಕಾಗದದ ಮೇಲೆ ಬರೆಸಿಕೊಳ್ಳಬಹುದಿತ್ತು ಅಲ್ವಾ? ನಿಮ್ಮ ಡಿಸೆಕ್ಷನ್ ಹಾಲ್‌ಗೆ ಗಾಲಿಕುರ್ಚಿ ಹೋಗುತ್ತಾ? ಹಾಸ್ಟೆಲ್ ಬಚ್ಚಲಿನ ಬಾಗಿಲು ಎಷ್ಟು ಅಗಲ? ಅದನ್ನು ಯಾರೂ ಕೇಳಲಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದಿದ್ದು 2016ರಲ್ಲಿ, ಅದರ ನಿಯಮ ಬಂದಿದ್ದು 2017ರಲ್ಲಿ. ಹಳೆಯ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಐದು ವರ್ಷದೊಳಗೆ ಸರಿ ಮಾಡಿ ಅಂತ ಕಾಯ್ದೆಯಲ್ಲೇ ಇದೆ. ಲೆಕ್ಕ ಹಾಕಿದರೆ 2022ಕ್ಕೇ ಗಡುವು ಮುಗಿಯಿತು. ಕಟ್ಟಡ ಫೇಲಾಯಿತು. ಸಪ್ಲಿಮೆಂಟರಿ ಪರೀಕ್ಷೆ ಮಕ್ಕಳಿಗೆ.

ಡಾ. ಮೇರಿ ವರ್ಗೀಸ್ ಈ ಅಫಿಡವಿಟ್ ತುಂಬಿದ್ದರೆ ಏನು ಬರೆಯುತ್ತಿದ್ದರು ಅಂತ ಸುಮ್ನೆ ಯೋಚಿಸುತ್ತೇನೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾಕ್ಟರ್. 1954ರ ರಸ್ತೆ ಅಪಘಾತದಲ್ಲಿ ಬೆನ್ನುಹುರಿಗೆ ಏಟು ಬಿದ್ದು ಕಾಲುಗಳ ಸ್ವಾಧೀನ ಹೋಯಿತು. ಆಮೇಲೆ ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈ ಆಪರೇಷನ್ ಮಾಡಿದರು. 1972ರಲ್ಲಿ ಪದ್ಮಶ್ರೀ ಬಂತು. ಮುಂಬೈಯ ಡಾ. ಸುರೇಶ್ ಅಡ್ವಾಣಿಯವರಿಗೆ ಚಿಕ್ಕಂದಿನಲ್ಲೇ ಪೋಲಿಯೊ. ಮೆಡಿಕಲ್ ಕಾಲೇಜು ಮೊದಲು ಸೀಟು ಕೊಡೋಕೆ ಒಪ್ಪಿರಲಿಲ್ಲ, ಹೋರಾಡಿ ಸೇರಿದರು. ಮುಂದೆ ಅವರೇ ಟಾಟಾ ಆಸ್ಪತ್ರೆಯಲ್ಲಿ ಅಸ್ಥಿಮಜ್ಜೆ ಕಸಿ ಶುರು ಮಾಡಿದ್ದು. ಸ್ವಂತವಾಗಿ ಮೆಟ್ಟಿಲು ಹತ್ತೋಕೆ ಆಗುತ್ತಾ ಅನ್ನೋದಕ್ಕೆ ಇಬ್ಬರದೂ ಒಂದೇ ಉತ್ತರ. ಇಲ್ಲ. ಇವರಿಗೆ ಪದ್ಮ ಪ್ರಶಸ್ತಿ ಕೊಡಬಹುದು, ಸೀಟು ಕೊಡೋಕೆ ಮಾತ್ರ ನಾಲ್ಕು ಸಲ ಯೋಚನೆ ಮಾಡಬೇಕು.

ಕಾಲಿನ ಕಥೆ ಹೀಗಾದರೆ ಕೈಯದು ಇನ್ನೂ ಚೆನ್ನಾಗಿದೆ. 2019ರ ನಿಯಮ ಗೊತ್ತಲ್ಲ, ಎಂಬಿಬಿಎಸ್ ಸೇರುವವರಿಗೆ ಎರಡೂ ಕೈ ಊನವಿಲ್ಲದೆ ಇರಬೇಕು, ಸ್ಪರ್ಶ ಸರಿಯಾಗಿರಬೇಕು, ಬಲ ಸಾಕಷ್ಟಿರಬೇಕು ಅಂತಿತ್ತು. ಯಾವ ಕೆಲಸಕ್ಕೆ ಎಷ್ಟು ಕೈ ಬೇಕು ಅನ್ನುವ ವಿಚಾರಣೆಯೇ ಇರಲಿಲ್ಲ. ಮನೋವೈದ್ಯರಿಗೆ ಎರಡು, ಪೆಥಾಲಜಿಸ್ಟ್‌ಗೆ ಎರಡು, ಎಕ್ಸ್‌ರೇ ಓದುವವರಿಗೂ ಎರಡು. ನಮ್ಮಜ್ಜಿ ಕಾಲದವರು ಡಾಕ್ಟರ ಕೈಗುಣ ನೋಡುತ್ತಿದ್ದರೇ ಹೊರತು ಬೆರಳು ಎಣಿಸುತ್ತಿರಲಿಲ್ಲ. ನಿಯಮ ಮಾಡಿದವರು ಎಣಿಸಿದರು.

ಇರಲಿ, ಎರಡೂ ಕೈ ನೆಟ್ಟಗಿರುವ ನಮ್ಮ ವೈದ್ಯರ ಸಾಧನೆಯನ್ನೂ ಸ್ವಲ್ಪ ನೋಡೋಣ. ಡಾಕ್ಟರು ಬರೆದಿದ್ದು ಓದೋಕೆ ಆಗುತ್ತಿಲ್ಲ, ಅರ್ಥ ಆಗುವ ಹಾಗೆ ಬರೆಯಿರಿ ಅಂತ 2024ರ ಜನವರಿಯಲ್ಲಿ ಒರಿಸ್ಸಾ ಹೈಕೋರ್ಟ್ ಹೇಳಬೇಕಾಯಿತು. 2025ರ ಆಗಸ್ಟ್‌ನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಇನ್ನೂ ಮುಂದೆ ಹೋಗಿ, ಓದಲಿಕ್ಕಾಗುವ ಚೀಟಿ ಪಡೆಯುವುದು ರೋಗಿಯ ಮೂಲಭೂತ ಹಕ್ಕು, ಮೆಡಿಕಲ್ ಕಾಲೇಜಿನಲ್ಲಿ ಕೈಬರಹದ ಪಾಠ ಸೇರಿಸಿ ಅಂದಿತು. ಒಂದನೇ ಕ್ಲಾಸಿನಲ್ಲಿ ಕಲಿತ ಕಾಪಿರೈಟಿಂಗನ್ನು ಎಂಬಿಬಿಎಸ್‌ನಲ್ಲಿ ಮತ್ತೆ ಕಲಿಸಬೇಕಂತೆ. ಹತ್ತೂ ಬೆರಳು ಇದ್ದೂ ಹೀಗೆ. ಈ ಕಡೆ ಬೆರಳು ಕಡಿಮೆ ಇರುವ ಹುಡುಗ ಕೀಬೋರ್ಡಿನಲ್ಲಿ ಟೈಪ್ ಮಾಡಿಕೊಟ್ಟರೆ ಮೆಡಿಕಲ್ ಶಾಪಿನವನು ಅವನಿಗೆ ಹಾರ ಹಾಕುತ್ತಿದ್ದ, ಆದರೆ ಅವನಿಗೆ ಸೀಟಿರಲಿಲ್ಲ.

ಅಂಥ ಒಬ್ಬ ಹುಡುಗನ ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಏಮ್ಸ್‌ನ ಆರು ಜನರ ಬೋರ್ಡು ಕೂತಿತು. ಐದು ಜನ ಆಗಲ್ಲ ಅಂದರು, ಯಾಕೆ ಆಗಲ್ಲ ಅಂತ ಬರೆಯಲಿಲ್ಲ. ಆರನೆಯವರು ಮಾತ್ರ ಹುಡುಗನ ಕೈಯಲ್ಲಿ ಏನೇನು ಕೆಲಸ ಆಗುತ್ತೆ ಅಂತ ಕೂತು ನೋಡಿ, ಇಂಥಿಂಥ ಸಾಧನ ಕೊಟ್ಟರೆ ಓದಬಲ್ಲ ಅಂತ ಬೇರೆ ವರದಿ ಕೊಟ್ಟರು. ಅವರು ಡಾ. ಸತೇಂದ್ರ ಸಿಂಗ್. ದೆಹಲಿಯಲ್ಲಿ ಫಿಸಿಯಾಲಜಿ ಪಾಠ ಮಾಡುವವರು, ಸ್ವತಃ ಪೋಲಿಯೊ ಆದವರು. 2025ರ ಫೆಬ್ರುವರಿ 21ರಂದು ನ್ಯಾಯಮೂರ್ತಿಗಳಾದ ಗವಾಯಿ ಮತ್ತು ವಿಶ್ವನಾಥನ್ ಆ ಎರಡು ಕೈ ನಿಯಮಕ್ಕೆ ಕಾನೂನಿನ ಯಾವ ಬೆಂಬಲವೂ ಇಲ್ಲ ಅಂತ ತೀರ್ಪು ಕೊಟ್ಟರು. ಹುಡುಗನಿಗೆ ಸೀಟು ಸಿಕ್ಕಿತು. ಹೊಸ ಮಾರ್ಗಸೂಚಿ ಮಾಡಿ ಅಂತ ಆಯೋಗಕ್ಕೂ ತಾಕೀತು ಮಾಡಿದರು. ಆಯೋಗ ಮಾಡಿತು. ಕೈ ಬಿಟ್ಟು ಮೆಟ್ಟಿಲು ಹಿಡಿಯಿತು.

ಈಗ ನಮ್ಮ ಕಡೆ ಬನ್ನಿ. ಈ ಸಮಾನತೆ, ಒಳಗೊಳ್ಳುವಿಕೆ ಎಲ್ಲ ಕಾಲೇಜಿನಲ್ಲಿ ಯಾರು ನೋಡಿಕೊಳ್ಳುತ್ತಾರೆ ಗೊತ್ತಾ? ಅದಕ್ಕೊಂದು ಘಟಕ ಇದೆ, ಘಟಕಕ್ಕೊಬ್ಬ ನೋಡಲ್ ಅಧಿಕಾರಿ ಇರುತ್ತಾರೆ. ಸಾಮಾನ್ಯವಾಗಿ ಫಿಸಿಯಾಲಜಿಯೋ ಬಯೋಕೆಮಿಸ್ಟ್ರಿಯೋ ಕಲಿಸುವ ಕಿರಿಯ ಮೇಷ್ಟ್ರು. ಆಯ್ಕೆಯ ಮಾನದಂಡ ಸರಳ. "ನಿಮಗೆ ಓಪಿಡಿ ಇಲ್ವಲ್ಲಪ್ಪಾ, ಇದನ್ನೂ ಸ್ವಲ್ಪ ನೋಡ್ಕೊಳಿ" ಅಂತ ಪ್ರಿನ್ಸಿಪಾಲರು ಕಾರಿಡಾರಿನಲ್ಲಿ ಸಿಕ್ಕಾಗ ಹೇಳಿದರೆ ನೇಮಕಾತಿ ಮುಗಿಯಿತು. ಆ ಮೇಷ್ಟ್ರ ಮೇಲೆ ಆಗಲೇ ಎನ್‌ಎಸ್‌ಎಸ್ ಇದೆ, ಆಂಟಿ ರ‍್ಯಾಗಿಂಗ್ ಇದೆ, ಯೋಗ ದಿನ ಇದೆ, ರಾಜ್ಯೋತ್ಸವಕ್ಕೆ ಮೈಕ್ ಸೆಟ್ ಹೇಳೋದೂ ಅವರೇ. ನನಗೆ ಪರಿಚಯದ ಇಂಥ ಒಬ್ಬರಿದ್ದಾರೆ. ಒಳಗೊಳ್ಳುವಿಕೆ ಅಂದರೆ ಏನು ಸಾರ್ ಅಂತ ಕೇಳಿದೆ. "ಎಲ್ಲ ಸಮಿತಿಗೂ ನನ್ನನ್ನ ಒಳಗೆ ಹಾಕ್ಕೊಳ್ಳೋದು" ಅಂದರು.

ಈ ಘಟಕಕ್ಕೆ ಜೀವ ಬರೋದು ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುತ್ತೆ ಅಂದಾಗ. ನ್ಯಾಕ್ ಬಗ್ಗೆ ಗೊತ್ತಿಲ್ಲದವರು ಯಾರಾದರೂ ಇದ್ದರೆ, ನಿಮ್ಮ ಮನೆಯಲ್ಲಿ ಲೆಕ್ಚರರ್ ಇಲ್ಲ ಅಂತ ಅರ್ಥ, ಪುಣ್ಯವಂತರು. ಅದರ ನಮೂನೆಯಲ್ಲಿ ಏಳನೇ ಮಾನದಂಡ ಅಂತ ಇದೆ. ಕ್ಯಾಂಪಸ್ಸು ವಿಕಲಚೇತನ ಸ್ನೇಹಿಯಾ? ರ‍್ಯಾಂಪು ಅಥವಾ ಲಿಫ್ಟು, ಶೌಚಾಲಯ, ಫಲಕಗಳು, ಸಹಾಯಕ ತಂತ್ರಜ್ಞಾನ ಮೊದಲಾದವುಗಳಲ್ಲಿ ಎಷ್ಟಿವೆ ಅಂತ ಟಿಕ್ ಹಾಕಬೇಕು. ನಾಲ್ಕು ಅಥವಾ ಎಲ್ಲವೂ ಇದ್ದರೆ ಒಂದು ಆಯ್ಕೆ, ಮೂರಿದ್ದರೆ ಇನ್ನೊಂದು. ಜೊತೆಗೆ ಜಿಯೋಟ್ಯಾಗ್ ಮಾಡಿದ ಫೋಟೊ ಹಾಕಬೇಕು. ಎಂಥ ದೂರದೃಷ್ಟಿ ನೋಡಿ. ಫೋಟೊ ಇದ್ದರೆ ಸಾಕು, ಗಾಲಿಕುರ್ಚಿ ಮೇಲೆ ಹೋಗಬೇಕು ಅಂತೇನಿಲ್ಲ. ರ‍್ಯಾಂಪ್ ಹೆಂಗಿದ್ದರೂ ಫೋಟೊದಲ್ಲಿ ಇಳಿಜಾರು ಗೊತ್ತಾಗಲ್ಲ. ನಾನು ಕಂಡ ಒಂದು ರ‍್ಯಾಂಪ್ ಮೇಲೆ ಗಾಲಿಕುರ್ಚಿ ಹತ್ತಿಸೋಕೆ ಮೂರು ಜನ ತಳ್ಳಬೇಕು, ಇಳಿಸೋಕೆ ಆರು ಜನ ಹಿಡಿಯಬೇಕು, ಮಧ್ಯದಲ್ಲಿ ಯಾರಾದರೂ ಕೈಬಿಟ್ಟರೆ ನೇರ ಕ್ಯಾಶುಯಾಲಿಟಿ. ಅದೂ ಒಂಥರಾ ಅನುಕೂಲವೇ. ತಂಡ ಬರುವ ದಿನ ಅದರ ಎರಡೂ ಪಕ್ಕ ಹೂಕುಂಡ ಇಟ್ಟಿದ್ದರು. ಹೂಕುಂಡ ಇಟ್ಟ ಮೇಲೆ ಗಾಲಿಕುರ್ಚಿಗೆ ಜಾಗ ಉಳಿಯಲಿಲ್ಲ. ಆದರೆ ಫೋಟೊ ಅಂದರೆ ಫೋಟೊ.

ಶೌಚಾಲಯದ ಫೋಟೊ ತೆಗೆಯುವ ದಿನ ಇನ್ನೂ ಗಮ್ಮತ್ತು. ಅದರ ಬೀಗದ ಕೈ ಸ್ಟೋರ್ ಕೀಪರ್ ಹತ್ತಿರ ಇತ್ತು, ಅವರು ಮಗಳ ಸೀಮಂತಕ್ಕೆ ಹೋಗಿದ್ದರು. ಬೀಗ ಯಾಕೆ ಅಂದರೆ ಯಾರೂ ಬಳಸಿ ಹಾಳು ಮಾಡಬಾರದಲ್ಲ, ಅದಕ್ಕೆ. ಬಾಗಿಲ ಫೋಟೊ ಹಾಕಿ ಮುಗಿಸಿದರು.

ಅದೇ ಮಾನದಂಡದ ಕೆಳಗೆ ಸಾಂಸ್ಕೃತಿಕ, ಪ್ರಾದೇಶಿಕ, ಭಾಷಾ ವೈವಿಧ್ಯವನ್ನು ಒಳಗೊಳ್ಳೋಕೆ ಏನೇನು ಮಾಡಿದ್ದೀರಿ ಅಂತಲೂ ಕೇಳುತ್ತಾರೆ. ಅದಕ್ಕೆ ನಮ್ಮ ಕಾಲೇಜುಗಳ ಹತ್ತಿರ ರಾಮಬಾಣ ಇದೆ. ಎತ್ನಿಕ್ ಡೇ. ಕೇರಳದ ಹುಡುಗಿಯರು ಕಸವು ಸೀರೆ, ರಾಜಸ್ಥಾನದವರು ಪೇಟ, ಬೆಂಗಳೂರಿನ ಹುಡುಗರು ಮನೆಯಲ್ಲಿ ಯಾರಿಗೂ ಉಡೋಕೆ ಬಾರದ ಪಂಚೆಯನ್ನು ಬೆಲ್ಟಿನಿಂದ ಬಿಗಿದುಕೊಂಡು ಬರುತ್ತಾರೆ. ಡಿಜೆ ಇರುತ್ತೆ. ನೂರು ಫೋಟೊ. ದೇಶದ ಏಕತೆ ಅಪ್‌ಲೋಡ್ ಆಗುತ್ತೆ. ಮಾರನೇ ದಿನ ಮೆಸ್‌ನಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ, ಮೊದಲ ವಾರದಲ್ಲೇ "ನಿನ್ನ ರ‍್ಯಾಂಕ್ ಎಷ್ಟು" ಅಂತ ಸೀನಿಯರ್‌ಗಳು ಯಾಕೆ ಕೇಳುತ್ತಾರೆ, ಅದರ ಫೋಟೊ ಯಾರೂ ಕೇಳಿಲ್ಲ.

ಪಠ್ಯದ ವಿಷಯ ಎತ್ತಲೇಬೇಕಾ? ಬೇಡ ಅಂದುಕೊಂಡಿದ್ದೆ, ಆದರೂ ತಡೆಯೋಕೆ ಆಗುತ್ತಿಲ್ಲ. 2024ರ ಆಗಸ್ಟ್ 31ಕ್ಕೆ ಇದೇ ವೈದ್ಯಕೀಯ ಆಯೋಗ ಎಂಬಿಬಿಎಸ್‌ನ ಹೊಸ ಪಠ್ಯಕ್ರಮ ಬಿಟ್ಟಿತು. ವಿಧಿವಿಜ್ಞಾನದ ಪಾಠದಲ್ಲಿ ಸಲಿಂಗ ಸಂಬಂಧ ಮತ್ತೆ ಅಸಹಜ ಲೈಂಗಿಕ ಅಪರಾಧಗಳ ಪಟ್ಟಿಗೆ ವಾಪಸ್ ಬಂತು. ಸುಪ್ರೀಂ ಕೋರ್ಟ್ ಅದನ್ನು ಅಪರಾಧ ಅಲ್ಲ ಅಂದಿದ್ದು 2018ರಲ್ಲಿ. ಆಯೋಗಕ್ಕೆ ಪೋಸ್ಟ್ ತಡವಾಗಿ ತಲುಪಿರಬೇಕು. ಕನ್ಯತ್ವದ ವ್ಯಾಖ್ಯಾನ, ಅದರ ಕಾನೂನು ಮಹತ್ವ, ಅದೂ ಬಂತು. ಇಷ್ಟೆಲ್ಲ ತುರುಕೋಕೆ ಜಾಗ ಬೇಕಲ್ಲ, ಶುರುವಿನ ಫೌಂಡೇಶನ್ ಕೋರ್ಸಿನಲ್ಲಿ ಅಂಗವೈಕಲ್ಯದ ಬಗ್ಗೆ ಇದ್ದ ಏಳು ಗಂಟೆಯ ತರಬೇತಿ ಹೋಯಿತು. ಇಡೀ ಎಂಬಿಬಿಎಸ್‌ನಲ್ಲಿ ಏಳು ಗಂಟೆ, ಅದೂ ಭಾರ ಆಯ್ತು. ಗಲಾಟೆ ಆಗಿ ಸೆಪ್ಟೆಂಬರ್ 5ಕ್ಕೆ ಇಡೀ ಪಠ್ಯವನ್ನೇ ವಾಪಸ್ ತಗೊಂಡರು. ಶಿಕ್ಷಕರ ದಿನ. ಮೇಷ್ಟ್ರುಗಳಿಗೆ ಇದಕ್ಕಿಂತ ಒಳ್ಳೆ ಉಡುಗೊರೆ ಇಲ್ಲ, ಐದು ದಿನ ಬಾಳಿದ ಸಿಲಬಸ್.

ಇಲ್ಲಿವರೆಗೆ ನಗಬಹುದಿತ್ತು.

2007ರಲ್ಲಿ ಸುಖದೇವ್ ಥೋರಟ್ ಸಮಿತಿ ದೆಹಲಿ ಏಮ್ಸ್ ಬಗ್ಗೆ ವರದಿ ಕೊಟ್ಟಿತು. ದಲಿತ, ಆದಿವಾಸಿ ವಿದ್ಯಾರ್ಥಿಗಳು ಕಿರುಕುಳ ತಾಳಲಾರದೆ ಹಾಸ್ಟೆಲ್‌ನ ಕೆಲವೇ ಮಹಡಿಗಳಿಗೆ ಹೋಗಿ ಗುಂಪಾಗಿದ್ದಾರೆ ಅಂತ ಅದರಲ್ಲಿತ್ತು. ದೇಶದ ನಂಬರ್ ಒನ್ ಕಾಲೇಜು. ಆಮೇಲೆ 2012ರಲ್ಲಿ, ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ನೋಡುವ ಯುಜಿಸಿ ಸಮಾನತೆಯ ನಿಯಮ ತಂದಿತು. ಕಾಲೇಜುಗಳು ಘಟಕ ಮಾಡಿದವು, ಬೋರ್ಡ್ ಬರೆಸಿದವು, ನೋಡಲ್ ಅಧಿಕಾರಿ ಅಂತ ಯಾರದೋ ಹೆಸರು ವೆಬ್‌ಸೈಟಿಗೆ ಹಾಕಿದವು. 2019ರ ಮೇ 22ರಂದು ಮುಂಬೈಯ ನಾಯರ್ ಆಸ್ಪತ್ರೆಯ ಹಾಸ್ಟೆಲ್ ಕೋಣೆಯಲ್ಲಿ ಡಾ. ಪಾಯಲ್ ತಡವಿ ತೀರಿಕೊಂಡಳು. ಆದಿವಾಸಿ ಹುಡುಗಿ, ಎಂಡಿ ಓದುತ್ತಿದ್ದಳು. ಜಾತಿ ಹಿಡಿದು ಹಿಂಸೆ ಕೊಟ್ಟ ಆರೋಪ ಮೂವರು ಸೀನಿಯರ್‌ಗಳ ಮೇಲೆ ಬಂತು. ಮಗಳಿಗೆ ತೊಂದರೆ ಆಗುತ್ತಿದೆ ಅಂತ ಮನೆಯವರು ಮೊದಲೇ ಹೇಳಿದ್ದೆವು ಅನ್ನುತ್ತಾರೆ. ಯಾವ ಘಟಕಕ್ಕೂ ಕೇಳಿಸಲಿಲ್ಲ.

ಆಕೆಯ ತಾಯಿ ಅಬೇದಾ ತಡವಿ, 2016ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ತೀರಿಕೊಂಡ ವಿದ್ಯಾರ್ಥಿ ರೋಹಿತ್ ವೇಮುಲನ ತಾಯಿ ರಾಧಿಕಾ ಜೊತೆ ಸೇರಿ ಸುಪ್ರೀಂ ಕೋರ್ಟಿಗೆ ಹೋದರು. ಇಬ್ಬರು ತಾಯಂದಿರು, ಇಬ್ಬರ ಮಕ್ಕಳೂ ಇಲ್ಲ, ಕೇಳಿದ್ದು ಇಷ್ಟೇ, ಇರುವ ನಿಯಮವನ್ನಾದರೂ ನೆಟ್ಟಗೆ ನಡೆಸಿ. ವರ್ಷಗಳು ಎಳೆದವು. 2026ರ ಜನವರಿಯಲ್ಲಿ ಯುಜಿಸಿ ಹೊಸ ನಿಯಮ ತಂದಿತು. ಸಮಾನತೆ ಸಮಿತಿ, ಸಮಾನತೆ ದಳ, ಸಮಾನತೆ ರಾಯಭಾರಿ, ದಿನದ 24 ಗಂಟೆಯೂ ಸಹಾಯವಾಣಿ. ಅಷ್ಟರಲ್ಲಿ ದುರ್ಬಳಕೆ ಆಗುತ್ತೆ ಅಂತ ಬೀದಿಯಲ್ಲಿ ಗದ್ದಲ. ಒಬ್ಬ ದೂರು ಕೊಡೋ ಮೊದಲೇ ಸಾವಿರಾರು ಜನಕ್ಕೆ ತಾವೇ ಆರೋಪಿಗಳು ಅನ್ನಿಸಿಬಿಟ್ಟಿತು. ಜನವರಿ 29ಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಭಾಷೆ ಅಸ್ಪಷ್ಟವಾಗಿದೆ, ಸದ್ಯಕ್ಕೆ 2012ರ ನಿಯಮವೇ ನಡೆಯಲಿ ಅಂದಿತು.

ನನ್ನ ಪರಿಚಯದ ನೋಡಲ್ ಅಧಿಕಾರಿಗೆ ಫೋನ್ ಮಾಡಿ, ನಿಮ್ಮ ಘಟಕಕ್ಕೆ ಇಲ್ಲಿವರೆಗೆ ಎಷ್ಟು ದೂರು ಬಂದಿವೆ ಅಂತ ಕೇಳಿದೆ. ಒಂದೂ ಇಲ್ಲ ಅಂದರು. ಸ್ವಲ್ಪ ಹೊತ್ತು ಬಿಟ್ಟು, ದೂರು ಕೊಡೋಕೆ ಬಂದ ಹುಡುಗನನ್ನ ಇಂಟರ್ನಲ್ ಮಾರ್ಕ್ಸ್ ನೆನಪಿಸಿ ವಾಪಸ್ ಕಳಿಸ್ತಾರೆ ಸಾರ್, ನನ್ನ ಟೇಬಲ್ ತನಕ ಬರೋಕೇ ಬಿಡಲ್ಲ ಅಂದರು. ಯಾರು ಕಳಿಸ್ತಾರೆ ಅಂದೆ. ಅವರ ವಿಭಾಗದ ಮುಖ್ಯಸ್ಥರಂತೆ. ಅದೇ ಸಮಾನತೆ ಘಟಕದ ಅಧ್ಯಕ್ಷರು.