ಜೇನುನೊಣ ಅಮೃತ ಕುಡಿಯುವುದಿಲ್ಲ

‘ಜೇನುನೊಣಗಳು ಹೂವಿನಿಂದ ಹೂವಿಗೆ ಹಾರಿ ಅಮೃತವನ್ನು ಸಂಗ್ರಹಿಸುತ್ತವೆ.’ ಮೊಬೈಲಿನಲ್ಲಿ ಹರಿದಾಡುವ ಅನುವಾದಗಳಲ್ಲಿ ಈ ವಾಕ್ಯ ದಿನ ಬಿಟ್ಟು ದಿನ ಎದುರಾಗುತ್ತದೆ. ಅಮೃತವನ್ನೇ ಹೀರಿದ್ದರೆ ನೊಣ ಸಾಯಬಾರದಿತ್ತಲ್ಲ! ದುಡಿಮೆಯ ಕಾಲದಲ್ಲಿ ಕೆಲಸಗಾರ ನೊಣ ಆರು ವಾರ ಬದುಕಿದರೆ ಹೆಚ್ಚು.

ಹೂವಿನ ಸಿಹಿರಸಕ್ಕೂ ಗ್ರೀಕ್ ದೇವತೆಗಳ ಪಾನೀಯಕ್ಕೂ ಇಂಗ್ಲಿಷಿನಲ್ಲಿ ಒಂದೇ ಹೆಸರಾದ ನೆಕ್ಟರ್ ಎಂಬ ಪದ ಕಂಡೊಡನೆ ನಿಘಂಟಿನ ಮೊದಲ ಅರ್ಥವನ್ನು ಕಿತ್ತು ಅಂಟಿಸಿದರೆ ಹೀಗೇ ಆಗುವುದು. ಇನ್ನು ಕೆಲವರು ‘ಜೇನು’ ಎಂದು ಬರೆದು ಪಾರಾಗುತ್ತಾರೆ. ಅದೂ ತಪ್ಪು. ಹೂವು ಕೊಡುವುದು ನೀರುನೀರಾದ ಸಕ್ಕರೆ ಪಾನಕ. ನೊಣ ಅದನ್ನು ಹೊಟ್ಟೆಚೀಲದಲ್ಲಿ ತಂದು, ಕಿಣ್ವ ಬೆರೆಸಿ, ಬಾಯಿಂದ ಬಾಯಿಗೆ ದಾಟಿಸಿ, ರೆಕ್ಕೆ ಬೀಸಿ ನೀರಿನಂಶವನ್ನು ಶೇ. 20ರ ಆಸುಪಾಸಿಗೆ ಇಳಿಸಿದ ಮೇಲಷ್ಟೇ ಅದು ಜೇನುತುಪ್ಪ. ಮೇಣದ ಮುಚ್ಚಳ ಬೀಳದ ಎರಿಯನ್ನು ಅವಸರಪಟ್ಟು ಹಿಂಡಿದರೆ ತುಪ್ಪ ಹುಳಿಯುತ್ತದೆ.

ಅಮೃತಕ್ಕೆ ಗ್ರೀಕಿನಲ್ಲಿ ನಿಜವಾದ ದಾಯಾದಿ ಇದೆ, ಆದರೆ ಅದು ನೆಕ್ಟರ್ ಅಲ್ಲ, ದೇವತೆಗಳ ಆಹಾರವಾದ ಅಂಬ್ರೋಸಿಯ. ಅ-ಮೃತ ಅಲ್ಲಿ ‘ಅಂಬ್ರೋತೋಸ್’. ನಡುವಿನ ಬಕಾರ ಎಲ್ಲಿಂದ ಬಂತು ಎಂದು ತಲೆ ಕೆರೆದುಕೊಳ್ಳಬೇಕಿಲ್ಲ; ನಮ್ಮ ತಾಮ್ರದ ಚೊಂಬು ತಾಂಬ್ರದ ಚೊಂಬಾಗುವಾಗ, ಆಮ್ರ ಮರಾಠಿಯಲ್ಲಿ ಆಂಬಾ ಆಗುವಾಗ ನುಸುಳುವ ಬಕಾರವೇ ಅದು. ನೆಕ್ಟರನ್ನು ಹಲವರು ನೆಕ್ ಮತ್ತು ತರ್ ಎಂದು ಒಡೆಯುತ್ತಾರೆ. ಮೊದಲನೆಯದು ನಮ್ಮ ‘ನಾಶ’ದ ಬಂಧು, ಎರಡನೆಯದು ‘ತರಣ’ದ್ದು. ಸಾವನ್ನು ದಾಟಿಸುವಂಥದ್ದು ಎಂದು ಅರ್ಥ. ಎಲ್ಲರೂ ಒಪ್ಪಿಲ್ಲ, ಈಜಿಪ್ಟಿನ ದೈವವಾಚಕ ಪದವೊಂದರಿಂದ ಬಂತು ಎನ್ನುವವರೂ ಇದ್ದಾರೆ.

ಗ್ರೀಕ್ ಕವಿ ಹೋಮರನ ಯುದ್ಧಕಾವ್ಯ ಇಲಿಯಡ್‌ನ 19ನೆಯ ಸರ್ಗ ನೋಡಿದರೆ ಮಾತ್ರ ಮೊದಲ ಪಕ್ಷಕ್ಕೇ ವಾಲಬೇಕೆನಿಸುತ್ತದೆ. ಪೆಟ್ರೋಕ್ಲಸ್ ಸತ್ತುಬಿದ್ದಿದ್ದಾನೆ. ಗೆಳೆಯ ಅಖಿಲೀಸನಿಗೆ ಯುದ್ಧಕ್ಕೆ ಹೊರಡುವ ಆತುರ, ಜೊತೆಗೊಂದು ತೀರಾ ಮನೆವಾರ್ತೆಯ ಚಿಂತೆ: ತಾನು ಅತ್ತ ಹೋದರೆ ಗಾಯಗಳಿಗೆ ನೊಣ ಕೂತು, ಹುಳ ಬಿದ್ದು, ಹೆಣ ಕೊಳೆತೀತು. ದೇವತೆಯಾದ ತಾಯಿ ಥೆಟಿಸ್ ಧೈರ್ಯ ಹೇಳುತ್ತಾಳೆ: ವರ್ಷವಿಡೀ ಬಿದ್ದಿದ್ದರೂ ಮೈ ಕೆಡದಂತೆ ನೋಡಿಕೊಳ್ಳುತ್ತೇನೆ. ಆಮೇಲೆ ಅಂಬ್ರೋಸಿಯವನ್ನೂ ಕೆಂಪು ನೆಕ್ಟರನ್ನೂ ಹೆಣದ ಮೂಗಿನ ಹೊಳ್ಳೆಗಳಿಗೆ ತೊಟ್ಟಿಕ್ಕಿಸುತ್ತಾಳೆ. ಗಮನಿಸಿ, ಬಾಯಿಗಲ್ಲ, ಮೂಗಿಗೆ. ಹೆಣ ಎದ್ದು ಕೂರುವುದಿಲ್ಲ. ಉಪ್ಪಿನಕಾಯಿಗೆ ಎಣ್ಣೆ ಮಾಡುವ ಕೆಲಸವನ್ನಷ್ಟೇ ಅಲ್ಲಿ ದೇವತೆಗಳ ಪಾನೀಯ ಮಾಡುವುದು. ಅದೇ ಸರ್ಗದಲ್ಲಿ ಉಪವಾಸ ಕೂತ ಅಖಿಲೀಸನ ಎದೆಗೂ ದೇವತೆ ಅಥೇನಾ ಇವೆರಡನ್ನೇ ಹನಿಸುತ್ತಾಳೆ, ಹಸಿವಿನಿಂದ ಮೊಣಕಾಲು ಸೋಲದಿರಲೆಂದು. ಹೆಣಕ್ಕೆ ಮೂಗಿನಿಂದ, ಜೀವವಿದ್ದವನಿಗೆ ಎದೆಯಿಂದ! ಕುಡಿಯಬೇಕೆಂದು ಇಬ್ಬರಿಗೂ ಯಾರೂ ಹೇಳಲಿಲ್ಲ. ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ ದೇವದೂತ ಹರ್ಮಿಸ್ ಬಂದಾಗ ಅಪ್ಸರೆ ಕ್ಯಾಲಿಪ್ಸೋ ಕಲಸಿಕೊಡುವ ನೆಕ್ಟರೂ ಕೆಂಪೇ. ಅವನು ಮಾತ್ರ ನೆಟ್ಟಗೆ ಕುಡಿಯುತ್ತಾನೆ. ಒಟ್ಟಿನಲ್ಲಿ ಹೋಮರನ ನೆಕ್ಟರಿಗೆ ದ್ರಾಕ್ಷಾರಸದ ಬಣ್ಣ.

ಅದು ಹೂವಿಗೆ ಇಳಿದದ್ದು ಬಹಳ ತಡವಾಗಿ. ಹೂವಿನಲ್ಲಿ ಸಿಹಿರಸ ಒಸರುವ ಭಾಗಕ್ಕೆ ಸಸ್ಯಶಾಸ್ತ್ರದಲ್ಲಿ ‘ನೆಕ್ಟೇರಿಯಂ’ ಎಂಬ ಹೆಸರನ್ನು ಬೇರೂರಿಸಿದವನು 18ನೆಯ ಶತಮಾನದ ಸ್ವೀಡಿಷ್ ಸಸ್ಯವಿಜ್ಞಾನಿ ಲಿನೇಯಸ್.

ನಮಗೆ ಈ ಸರ್ಕಸ್ ಯಾಕೆ? ಮಕರಂದ ಇದೆ. ಅದನ್ನೂ ಪರಾಗವನ್ನೂ ಅದಲುಬದಲು ಮಾಡುವ ಮಹಾನುಭಾವರ ಮಾತು ಬೇರೆ. ಹಳಗನ್ನಡದಲ್ಲಂತೂ ಎರಡೇ ಅಕ್ಷರದ ‘ಬಂಡು’ ಇತ್ತು. ಬಂಡನ್ನು ಉಣ್ಣುವುದು ಬಂಡುಣಿ, ಅಂದರೆ ದುಂಬಿ. ಈಗ ‘ತೋಟದಲ್ಲಿ ಬಂಡುಣಿಗಳು ಸೇರಿವೆ’ ಎಂದು ಬರೆದು ನೋಡಿ, ಯಾರ ವಿರುದ್ಧ ಎಂದು ಕೇಳುತ್ತಾರೆ.